ಅಪ್ಪನಿಗೊಂದು ಬಹುವಚನ

ಫ್ರೆಂಚ್ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದವನು ಷಣ್ಮುಖಪ್ಪಗೌಡರ ಮಗ ಮರುಳಸಿದ್ಧ. ಜ್ಯೋತಿಲಕ್ಷ್ಮಿಗೆ ಮೊದಲ ಕಿರಿಕಿರಿ ಅದೇ. ಇಬ್ಬರದೂ ಒಂದೇ ಊರು, ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯ ಕರೇಗೋಣಿ. ಅವನ ಮನೆ ಅರಳಿಕಟ್ಟೆಯ ಎದುರು. ಇವಳದು ಕೆರೆ ಏರಿ ಇಳಿದ ಮೇಲೆ, ಕಾಲೋನಿಯಲ್ಲಿ. ಒಂದೇ ಶಾಲೆಯಲ್ಲಿ ಓದಿದ್ದರೂ ಇಬ್ಬರೂ ಮಾತಾಡಿದ್ದು ಕಡಿಮೆ. ಈಗ ಅವನು ಎಂ.ಕಾಂ., ಇವಳು ಇತಿಹಾಸದಲ್ಲಿ ಎಂ.ಎ. ಪ್ರತಿಯೊಬ್ಬರೂ ಬೇರೆ ವಿಭಾಗದ ಒಂದು ವಿಷಯ ಓದಲೇಬೇಕೆಂಬ ವಿಶ್ವವಿದ್ಯಾಲಯದ ನಿಯಮ ಇಬ್ಬರನ್ನೂ ಆರಂಭಿಕ ಫ್ರೆಂಚಿನ ಕೊಠಡಿಗೆ ತಂದು ಕೂರಿಸಿತ್ತು.

ಜ್ಯೋತಿ ಫ್ರೆಂಚ್ ಆರಿಸಿಕೊಂಡದ್ದೂ ಸಿಟ್ಟಿನಿಂದಲೇ. "ಕನ್ನಡ ಮೀಡಿಯಂನೋರಿಗೆ ಇಂಗ್ಲಿಷೇ ನಾಲಿಗೆ ಹೊರಳಲ್ಲ, ಫ್ರೆಂಚ್ ಯಾಕಮ್ಮ? ಗ್ರಾಮೀಣ ಅಭಿವೃದ್ಧಿ ತಗೋ, ಪಾಸಾಗ್ತೀಯ" ಎಂದು ಕಚೇರಿಯ ಗುಮಾಸ್ತ ನಕ್ಕಿದ್ದ. ಅವನು ನಗದೆ ಇದ್ದಿದ್ದರೆ ಅವಳು ಬಹುಶಃ ಅದನ್ನೇ ತೆಗೆದುಕೊಳ್ಳುತ್ತಿದ್ದಳು.

ಪಾಠ ಮಾಡುತ್ತಿದ್ದವರು ಚನ್ನಗಿರಿಯ ಶೈಲಾ ಮೇಡಂ. ಅತಿಥಿ ಉಪನ್ಯಾಸಕಿ, ಮಾತು ಜೋರು, ಮನಸ್ಸು ಒಳ್ಳೆಯದು. ಒಂದು ದಿನ ಅವರು ಬೋರ್ಡಿನ ಮೇಲೆ ಎರಡು ಪದ ಬರೆದರು. ಒಂದು 'ತ್ಯು', ಇನ್ನೊಂದು 'ವೂ'.

"ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಅದಕ್ಕೇ ಇಂಗ್ಲಿಷಿನವರು ಇಲ್ಲಿ ಒದ್ದಾಡ್ತಾರೆ. ನಮಗೇನು ಕಷ್ಟ? ತ್ಯು ಅಂದ್ರೆ ನೀನು, ವೂ ಅಂದ್ರೆ ನೀವು. ಗೊತ್ತಿಲ್ಲದವರಿಗೆ, ದೊಡ್ಡವರಿಗೆ, ಅಂಗಡಿಯವರಿಗೆ, ಬಸ್ಸಿನವರಿಗೆ, ಎಲ್ಲರಿಗೂ ವೂ. ಅಲ್ಲಿ ಬಡವ ಬಲ್ಲಿದ ಅಂತ ನೋಡೋ ಹಾಗಿಲ್ಲ."

ಪಕ್ಕದಲ್ಲಿದ್ದ ಮಾರುತಿ ಕಿಸಕ್ಕನೆ ನಕ್ಕ. ಅವನು ಜಗಳೂರು ಕಡೆಯವನು, ಮನೆಯಲ್ಲಿ ಕುರಿ ಹಿಂಡು, ಜ್ಯೋತಿಯ ಸಹಪಾಠಿ. "ನಮ್ಮ ಕಡೆ ದೇವರಿಗೂ ನೀನೇ, ಅವ್ವಗೂ ನೀನೇ, ಟಗರಿಗೂ ನೀನೇ" ಎಂದು ಪಿಸುಗುಟ್ಟಿದ.

ಮೇಡಂ ಸಂಭಾಷಣೆ ಮಾಡಿಸಿದರು. ಒಬ್ಬ ಪ್ರಯಾಣಿಕ, ಒಬ್ಬ ಕಂಡಕ್ಟರ್. ಮರುಳಸಿದ್ಧ ಎದ್ದು ನಿಂತು, ಕತ್ತನ್ನು ತುಸು ಬಾಗಿಸಿ, "ಬೊಂಜೂರ್ ಮಿಸ್ಯೊ, ಅಂ ಬಿಯ್ಯೆ, ಸಿಲ್ ವೂ ಪ್ಲೆ" ಎಂದ. ನಮಸ್ಕಾರ ಸ್ವಾಮಿ, ಒಂದು ಟಿಕೆಟು, ದಯವಿಟ್ಟು. ಅವನ ದನಿಯಲ್ಲಿದ್ದ ವಿನಯಕ್ಕೆ ಮೇಡಂ ಚಪ್ಪಾಳೆ ತಟ್ಟಿದರು. ಜ್ಯೋತಿಯೂ ತಟ್ಟಿದಳು.

ಆ ಶನಿವಾರ ಅವಳು ಊರಿಗೆ ಹೊರಟಳು. ಹೊನ್ನಾಳಿಯಲ್ಲಿ ಇಳಿದು ನ್ಯಾಮತಿ ಬಸ್ಸು ಹತ್ತಿದಾಗ ಕಂಡಕ್ಟರ್ ಅವಳ ಅಪ್ಪ ಪರಶುರಾಮನೇ ಆಗಿದ್ದ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಟಿಕೆಟ್ ಮಷಿನ್ನು. ಜನ "ಕಂಡಕ್ಟ್ರೇ, ಸ್ವಲ್ಪ ನಿಲ್ಲುಸ್ರಿ", "ಚಿಲ್ಲರೆ ಆಮ್ಯಾಲೆ ಕೊಡ್ರಿ" ಎನ್ನುತ್ತಿದ್ದರು. ಮಗಳಿಗೂ ಎಲ್ಲ ಹೆಂಗಸರಿಗೆ ಕೊಡುವಂತೆ ಪುಕ್ಕಟೆ ಟಿಕೆಟು ಹರಿದುಕೊಟ್ಟು, "ಊಟ ಮಾಡೀಯಾ?" ಎಂದು ಕೇಳಿ ಮುಂದೆ ಹೋದ. ತುಂಗಭದ್ರೆಯ ಸೇತುವೆಯ ಹತ್ತಿರ ಮರುಳಸಿದ್ಧ ಓಡಿಬಂದು ಹತ್ತಿದ. ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ ನೋಟು ಚಾಚಿ, "ಲೇ ಪರಸ, ಕ್ರಾಸಿಗೆ ಒಂದು ಕೊಡೋ" ಎಂದ.

"ತಗಳ್ರಿ ಗೌಡ್ರೆ" ಎಂದ ಅಪ್ಪ.

ಜ್ಯೋತಿ ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದಳು. ಊರಿನ ಗೌಡರ ಮನೆಯ ಮೊಮ್ಮಕ್ಕಳು, ಇನ್ನೂ ಮೂಗು ಒರೆಸಿಕೊಳ್ಳಲು ಬಾರದವರು ಕೂಡ, ಅಪ್ಪನನ್ನು ಪರಸ ಎಂದೇ ಕರೆಯುತ್ತಿದ್ದರು. ಅದು ಅಂಗಳದ ಕಲ್ಲಿನ ಹಾಗೆ ಇತ್ತು, ಎಡವದೆ ದಾಟುವುದು ಕಾಲಿಗೆ ರೂಢಿಯಾಗಿತ್ತು. ಆದರೆ ಆ ದಿನ ಎಡವಿದಳು. ಮೊನ್ನೆಯಷ್ಟೇ ಇದೇ ಬಾಯಿ, ಎಂದೂ ಕಾಣದ ದೇಶದ, ಇಲ್ಲದೇ ಇರುವ ಕಂಡಕ್ಟರಿಗೆ ಸ್ವಾಮಿ ಎಂದಿತ್ತು. ಇದ್ದ ಕಂಡಕ್ಟರ್ ಎದುರಿಗೆ ಬೆವರುತ್ತಾ ನಿಂತಿದ್ದಾನೆ, ಅವನಿಗೆ ಲೇ. ಅಂದರೆ ಇವನಿಗೆ ಮರ್ಯಾದೆ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿದೆ, ಆದರೂ ಕೊಡುವುದಿಲ್ಲ. ಅವಳ ಕಿವಿ ಕಾದವು. ಊರು ಬರುವವರೆಗೂ ಕಿಟಕಿಯ ಸರಳು ಬಿಡಲಿಲ್ಲ.

ಮನೆಯಲ್ಲಿ ಅವ್ವ ಲಕ್ಷ್ಮೀದೇವಿ ರೊಟ್ಟಿ ಬಡಿಯುತ್ತಿದ್ದಳು. "ಯಾಕೆ ಮುಖ ಹಂಗೆ ಮಾಡ್ಕಂಡೀಯ?" ಎಂದು ಕೇಳಿದಳು. ಅಪ್ಪನ ಮೇಲೆ ಜ್ಯೋತಿಗೆ ಇನ್ನೂ ಹೆಚ್ಚು ಸಿಟ್ಟು ಬಂದಿತ್ತು. ತಗಳ್ರಿ ಗೌಡ್ರೆ! ಮಗಳ ವಯಸ್ಸಿನ ಹುಡುಗನಿಗೆ!

ಸೆಮಿಸ್ಟರ್ ಕೊನೆಯಲ್ಲಿ ಮೌಖಿಕ ಪರೀಕ್ಷೆ ಬಂತು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಇಬ್ಬಿಬ್ಬರನ್ನು ಕರೆದು ಮಾತಾಡಿಸುತ್ತಿದ್ದರು. ಜ್ಯೋತಿಯ ಜೊತೆಗೆ ಬಿದ್ದವನು ಮರುಳಸಿದ್ಧ. ವಿಷಯ ಬಸ್ ಪ್ರಯಾಣ. "ನೀವು ಕಂಡಕ್ಟರ್" ಎಂದರು ಪರೀಕ್ಷಕರು ಅವಳಿಗೆ.

ಮರುಳಸಿದ್ಧ ಕತ್ತು ಬಾಗಿಸಿ ಬೊಂಜೂರ್ ಹೇಳಿದ.

"ತ್ಯು ವಾ ಊ?" ಎಂದಳು ಜ್ಯೋತಿ. ನೀನು ಎಲ್ಲಿಗೆ ಹೋಗುತ್ತಿದ್ದೀ?

ಪರೀಕ್ಷಕರು ತಲೆ ಎತ್ತಿದರು. "ಪ್ರಯಾಣಿಕರಿಗೆ ಏನು ಹೇಳಬೇಕು? ಇನ್ನೊಮ್ಮೆ."

"ತ್ಯು ವಾ ಊ?" ದನಿ ಈ ಸಲ ಇನ್ನೂ ಗಟ್ಟಿಯಾಗಿತ್ತು.

"ವೂಜಾಲೆ ಊ ಅನ್ನಬೇಕು. ಇದು ಮೊದಲ ಪಾಠ."

"ಪಾಠ ಗೊತ್ತು ಸರ್. ಇವರು ನಮ್ಮೂರಿನವರು. ನಮ್ಮಪ್ಪ ಕಂಡಕ್ಟರ್. ನಮ್ಮಪ್ಪಗೆ ಇವರು ಬಸ್ಸಲ್ಲಿ ಲೇ ಅಂತಾರೆ. ಅದಕ್ಕೆ ತ್ಯು ಅಂದೆ. ತಪ್ಪಿ ಅಂದಿದ್ದಲ್ಲ."

ಮರುಳಸಿದ್ಧನ ಮುಖ ಕೆಂಪಾಯಿತು. ಪರೀಕ್ಷಕರು ಮೇಡಂ ಕಡೆ ನೋಡಿದರು, ಮೇಡಂ ಮೇಜಿನ ಕಡೆ. "ಮುಂದಿನವರು ಬರ್ಲಿ" ಎಂದರು ಪರೀಕ್ಷಕರು.

ಹೊರಗೆ ಕಾರಿಡಾರಿನಲ್ಲಿ ಶೈಲಾ ಮೇಡಂ ಅವಳ ಹಿಂದೆಯೇ ಬಂದರು. "ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ ಕಣೇ. ಆದ್ರೆ ಪರೀಕ್ಷೆಯಲ್ಲೇನಾ ಅದನ್ನ ತೋರಿಸೋದು? ಅವ್ರು ಅಂಕ ಕತ್ತರಿಸಿಬಿಟ್ರು."

"ಕತ್ತರಿಸ್ಲಿ ಮೇಡಂ. ಅಲ್ಲಿ ಬಡವ ಬಲ್ಲಿದ ಅಂತ ನೋಡಲ್ಲ ಅಂದ್ರಿ. ಇಲ್ಲಿ ನೋಡ್ತಾರಲ್ಲ, ಅದನ್ನ ಯಾವ ಪಾಠದಾಗೆ ಹೇಳ್ತೀರಿ?"

ಮೇಡಂ ಪರೀಕ್ಷೆಯ ಕೊಠಡಿಗೆ ಹಿಂತಿರುಗಿದರು. ಪಾಪ, ಅವರದೇನು ತಪ್ಪು ಎಂದು ಆಮೇಲೆ ಅನ್ನಿಸಿತು, ಆದರೆ ಆ ಗಳಿಗೆಯಲ್ಲಿ ಜ್ಯೋತಿಗೆ ಗೋಡೆಯ ಮೇಲೂ ಸಿಟ್ಟಿತ್ತು.

ಸುದ್ದಿ ಅವಳಿಗಿಂತ ಮೊದಲು ಊರು ಸೇರಿತ್ತು. ಮನೆಗೆ ಹೋದಾಗ ಅಪ್ಪ ಬುದ್ಧನ ಪಟದ ಕೆಳಗೆ ಗೋಡೆಗೊರಗಿ ಕೂತಿದ್ದ. ಭಯಪಟ್ಟಿರುತ್ತಾನೆ, ತಗ್ಗಿ ನಡಿ ಎನ್ನುತ್ತಾನೆ ಎಂದು ಅವಳು ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದಳು.

"ಪರೀಕ್ಷೆಯಾಗೆ ಅವನಿಗೆ ಏನಂದೆ?"

"ನೀನು ಅಂದೆ. ಫ್ರೆಂಚಿನಾಗೆ."

"ಅಲ್ಲಿ ಎಷ್ಟು ಜನಕ್ಕೆ ತಿಳೀತು?"

"ಮೇಡಂಗೆ, ಆ ಸರ್‌ಗೆ. ಅವನಿಗೆ."

ಪರಶುರಾಮ ಎದ್ದು ನಿಂತ. ಮಗಳ ಮೇಲೆ ಎಂದೂ ದನಿ ಏರಿಸದವನು ಅಂದು ಏರಿಸಿದ. "ನಾಕು ಗೋಡೆ ಒಳಗೆ, ಯಾರಿಗೂ ತಿಳೀದ ಭಾಷೆಯಾಗೆ ಅಂದು ಬಂದೀಯ! ಬಸ್ಸಿನಾಗೆ ಅವನು ಲೇ ಅಂದಾಗ ಕುಂತಿದ್ದೆಯಲ್ಲ, ಕಿಟಕಿ ನೋಡ್ಕಂತ? ಆವಾಗ ಬಾಯಿ ಎಲ್ಲಿ ಹೋಗಿತ್ತು? ಕನ್ನಡ ಬರ್ತಿರ್ಲಿಲ್ಲೇನು ನಿಂಗೆ?"

"ನಿಂಗೆ ಬರ್ತಿತ್ತಲ್ಲ? ನೀನ್ಯಾಕೆ ಅನ್ಲಿಲ್ಲ? ತಗಳ್ರಿ ಗೌಡ್ರೆ ಅಂದೆ!"

ಅವ್ವ ಒಳಗಿನಿಂದ ಓಡಿಬಂದಳು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಜ್ಯೋತಿ ಅತ್ತಳು. ದುಃಖಕ್ಕಲ್ಲ, ಅಪ್ಪ ಹೇಳಿದ್ದು ನಿಜವಾಗಿತ್ತು, ಅದಕ್ಕೆ.

ಮುಂದಿನ ಸಲ ಬಸ್ಸಿನಲ್ಲಿ ಮೂವರೂ ಸೇರಿದಾಗ ಸೀಟೆಲ್ಲ ತುಂಬಿದ್ದವು. ಸೂಳೆಕೆರೆ ಕಡೆಯಿಂದ ಮೀನು ತಂದು ಸಂತೆಗೆ ಹೊರಟಿದ್ದ ಅಜ್ಜಮ್ಮ ಎಂಬ ಮುದುಕಿ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಜ್ಯೋತಿಯ ಪಕ್ಕ ಕೂತಿದ್ದಳು. ಮರುಳಸಿದ್ಧ ಜ್ಯೋತಿಯನ್ನು ನೋಡಿದ. ನೋಡಿಯೇ, ಎಂದಿಗಿಂತ ಜೋರಾಗಿ, "ಲೇ ಪರಸ! ಕ್ರಾಸಿಗೆ ಒಂದು!" ಎಂದ.

ಜ್ಯೋತಿ ಎದ್ದು ನಿಂತಳು.

"ಮರುಳಸಿದ್ಧ ಅವ್ರೇ, ನಮ್ಮಪ್ಪ ನಿಮ್ಮಪ್ಪನ ವಾರಿಗೆಯೋರು, ಒಂದೇ ವಯಸ್ಸು. ರೀ ಅನ್ರಿ."

ಅವನು ನಗಲು ನೋಡಿದ. "ಇದೇನು ಹೊಸದಾ? ಊರ ಪದ್ಧತಿ. ಸಲುಗೆಯಿಂದ ಅಂತೀವಿ."

"ಸಲುಗೆ ಎರಡೂ ಕಡೆ ಇರ್ಬೇಕಲ್ಲ. ನಮ್ಮಪ್ಪನೂ ನಿಮ್ಮ ಮನೆ ಮುಂದೆ ಬಂದು 'ಲೇ ಷಣ್ಮುಖ' ಅಂತ ಕರೀಲಾ? ಬಾಗ್ಲು ತೆಗೀತೀರಾ?"

"ಹೋಗ್ಲಿ ಬಿಡವ್ವ, ಒಂದು ಮಾತಿಗೆ ಯಾಕೆ..." ಎಂದರು ಮುಂದಿನ ಸೀಟಿನ ಪಂಚೆಯವರೊಬ್ಬರು.

"ಏನು ಬಿಡಾದು?" ಎಂದಳು ಅಜ್ಜಮ್ಮ. "ಒಂದೇ ಮಾತಾದ್ರೆ ಅವನೇ ಅಂದು ಮುಗಿಸ್ಲಿ. ಅದೇನು ಗಂಟಲಾಗೆ ಮುಳ್ಳು ಸಿಕ್ಕಂಡೈತಾ?"

ಯಾರೋ ನಕ್ಕರು. ಪರಶುರಾಮ ಸೀಟುಗಳ ನಡುವೆ ನಿಂತಿದ್ದ. "ಜ್ಯೋತಿ, ಕುತ್ಕ" ಎಂದ. ಮತ್ತೆ ಅದೇ, ಅಂದುಕೊಂಡಳು. ಆದರೆ ಅವನು ಸೀಟಿ ಊದಿದ. ಬಸ್ಸು ರಸ್ತೆಯ ಅಂಚಿಗೆ ಬಂದು ನಿಂತಿತು. ಅಪ್ಪ ಮರುಳಸಿದ್ಧನ ಕಡೆ ತಿರುಗಿದ. ಮುಖದ ಮೇಲೆ ಜ್ಯೋತಿ ಎಂದೂ ಕಾಣದ ಬಿಗಿ.

"ಎಲ್ಲಿಗೆ ಹೋಗ್ಬೇಕ್ರೀ ನೀವು?"

"ಗೊತ್ತಿಲ್ವಾ ನಿಂಗೆ?"

"ಇದು ಸರ್ಕಾರಿ ಬಸ್ಸು. ಕೇಳೋ ಹಂಗೆ ಕೇಳಿ ಟಿಕೆಟ್ ತಗಳ್ರಿ. ಇಲ್ಲಾಂದ್ರೆ ಇಳೀರಿ, ಹಿಂದೆ ಇನ್ನೊಂದು ಬಸ್ಸು ಐತೆ. ಅದ್ರಾಗೂ ಒಬ್ಬ ಕಂಡಕ್ಟ್ರು ಇರ್ತಾನೆ."

ಡ್ರೈವರ್ ತಿರುಗಿ ನೋಡುತ್ತಿದ್ದ. ಹಿಂದಿನಿಂದ ಯಾರೋ "ಟೈಮಾಗ್ತೈತೆ, ಬೇಗ ಹೇಳಪ್ಪ" ಎಂದು ಕೂಗಿದರು. ಮರುಳಸಿದ್ಧ ನೋಟನ್ನು ಮುಂದೆ ಚಾಚಿ, ಹಲ್ಲು ಕಚ್ಚಿಕೊಂಡು, "ಕ್ರಾಸಿಗೆ ಒಂದು ಕೊಡ್ರಿ" ಎಂದ. ಅಪ್ಪ ಟಿಕೆಟು ಕೊಟ್ಟ, ಚಿಲ್ಲರೆ ಎಣಿಸಿ ಕೊಟ್ಟ, ಸೀಟಿ ಊದಿದ. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಗೆದ್ದೆವೆಂಬ ಹಿಗ್ಗು ಆ ಸಂಜೆಯವರೆಗೂ ಉಳಿಯಲಿಲ್ಲ. ಕತ್ತಲಾಗುವ ಮೊದಲೇ ಚಿಕ್ಕಪ್ಪ ಕೃಷ್ಣ ಬಾಗಿಲಲ್ಲಿ ನಿಂತಿದ್ದ. ಅವನು ಷಣ್ಮುಖಪ್ಪಗೌಡರ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದ. ನಾಲೆಯ ನೀರು ಸಿಗುವ ಒಳ್ಳೆಯ ಭತ್ತದ ಗದ್ದೆ.

"ನಾಳೆಯಿಂದ ಬರಬ್ಯಾಡ ಅಂದ್ರು" ಎಂದ. "ಮಡಿ ಮಾಡಿ ಬೀಜ ಚೆಲ್ಲಿದ್ದೆ. ನೀನು ಓದಿದಾಕಿ, ನಿಂಗೇನು? ನಿನ್ನ ಒಂದು 'ರಿ'ಗೆ ನನ್ನ ಗದ್ದೆ ಹೋತು."

"ಗದ್ದೆ ಕಿತ್ಕಂಡೋರ ಮೇಲೆ ಸಿಟ್ಟಾಗು ಚಿಕ್ಕಪ್ಪ, ನನ್ನ ಮೇಲಲ್ಲ!"

"ಅವ್ರ ಮೇಲೆ ಸಿಟ್ಟಾಗಾಕೆ ನನಗೆ ಕಂಡಕ್ಟ್ರು ಕೆಲಸ ಐತಾ? ತಿಂಗಳಾದ್ರೆ ಪಗಾರ ಬರ್ತೈತಾ?"

ಪರಶುರಾಮ ಗೌಡರ ಮನೆಗೆ ಹೋಗಿ ಬರುತ್ತೇನೆಂದು ಎದ್ದ. ತಮ್ಮನೇ ತಡೆದ. "ಈಗ ಹೋಗಿ ಕೈ ಮುಗಿದ್ರೆ ಬಸ್ಸಿನಾಗೆ ಅಂದಿದ್ದೂ ಹೋತು, ಗದ್ದೆಯೂ ಹೋತು. ಕುತ್ಕ." ಹಾಗೆಂದು ಊಟಕ್ಕೂ ನಿಲ್ಲದೆ ನಡೆದುಬಿಟ್ಟ.

ಆ ವರ್ಷ ಕೃಷ್ಣ ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋದ. ಬಂದಾಗಲೆಲ್ಲ ಅಣ್ಣನೊಡನೆ ಮಾತಾಡುತ್ತಿದ್ದ, ಜ್ಯೋತಿಯೊಡನೆ ಇಲ್ಲ. ಅವನ ಕೈಯ ಕಪ್ಪು ಕಲೆ ಕಂಡಾಗ ಅವಳಿಗೆ ಗೌಡರ ಮೇಲೂ ತನ್ನ ಮೇಲೂ ಒಟ್ಟಿಗೇ ಸಿಟ್ಟು ಉಕ್ಕುತ್ತಿತ್ತು. ಆದರೂ ಅಂದಿದ್ದನ್ನು ಅನ್ನಬಾರದಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಅವಳು ಫ್ರೆಂಚಿನ ಎರಡನೆಯ ಹಂತಕ್ಕೂ ಸೇರಿದಳು. ಮರುಳಸಿದ್ಧ ಸೇರಲಿಲ್ಲ. ಬಸ್ಸಿನಲ್ಲಿ ಈಗ ಅವನು ಲೇ ಎನ್ನುವುದಿಲ್ಲ, ರೀ ಎನ್ನುವುದೂ ಇಲ್ಲ. "ಕ್ರಾಸ್" ಎಂದಷ್ಟೇ ಹೇಳಿ ಹೊರಗೆ ನೋಡುತ್ತಾನೆ.

ಗೌಡರ ಗದ್ದೆಗೆ ಬಂದ ಹೊಸಬ ಬೆಳೆ ಕೆಡಿಸಿದ. ಬೇಸಿಗೆ ಬೆಳೆಯ ಹೊತ್ತಿಗೆ ಅವರ ಮನೆಯ ಆಳು ಮರುಳಪ್ಪ ಕಾಲೋನಿಗೆ ಬಂದ. ಕೃಷ್ಣ ಅಣ್ಣನ ಮನೆಯ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಗೌಡ್ರು ಹೇಳಿ ಕಳಿಸ್ಯಾರೆ. ಬಂದು ಗದ್ದೆ ನೋಡ್ಕಾಬೇಕಂತೆ, ಕಿಟ್ಟ."

ಕೃಷ್ಣ ಲೋಟ ಕೆಳಗಿಟ್ಟ. "ಬರ್ತೀನಿ. ಕರೆಯಾಕೆ ಗೌಡ್ರೇ ಬರ್ಲಿ. ಕೃಷ್ಣಪ್ಪ, ಬರ್ರಿ ಅಂತ ಕರೀಲಿ. ಹಂಗಂತ ಹೇಳು."

ಮರುಳಪ್ಪ ಬಾಯಿ ತೆರೆದು ನಿಂತ. ಆಮೇಲೆ ತಲೆ ಆಡಿಸುತ್ತಾ ಏರಿಯ ಕಡೆ ಹೋದ. ಬಾಗಿಲಲ್ಲಿ ನಿಂತಿದ್ದ ಜ್ಯೋತಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪ ತಿರುಗಿ ನೋಡಿದ.

"ನಗಬ್ಯಾಡ. ನಿನ್ನ ಮೇಲಿನ ಸಿಟ್ಟು ನಂಗೆ ಹೋಗಿಲ್ಲ."

"ನಂದೂ ಹೋಗಿಲ್ಲ ಚಿಕ್ಕಪ್ಪ" ಎಂದಳು ಅವಳು.

ಗೌಡರು ಬರಲಿಲ್ಲ. ಗದ್ದೆ ಆ ಬೇಸಿಗೆ ಬೀಳು ಬಿತ್ತು. ಕೃಷ್ಣ ನ್ಯಾಮತಿಯ ಹತ್ತಿರ ಬೇರೊಬ್ಬರ ಜಮೀನನ್ನು ಪಾಲಿಗೆ ಹಿಡಿದ. ನೀರು ಅಲ್ಲಿ ಅಷ್ಟಕ್ಕಷ್ಟೆ, ಮೆಕ್ಕೆಜೋಳ ಹಾಕಿದ್ದಾನೆ. ದಿನಾ ಬೆಳಿಗ್ಗೆ ಅಣ್ಣನ ಬಸ್ಸಿನಲ್ಲೇ ಹೋಗುತ್ತಾನೆ.