ಬಾಟಲಿ ಪೆಟ್ರೋಲ್

ಸಂತೇಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ರುದ್ರಮುನಿ ಯಾವ ಊರಿನ ಪೆಟ್ರೋಲನ್ನೂ ನಂಬುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹೆಂಡತಿ ಕಸ್ತೂರಮ್ಮನನ್ನು ಹಳೆಯ ಬೈಕಿನ ಹಿಂದೆ ಕೂರಿಸಿಕೊಂಡು ದೂರದ ಊರುಗಳಿಗೆ ಹೊರಡುವುದು ಅವನ ರೂಢಿ. ಗೋಕರ್ಣ, ಬಾದಾಮಿ, ಶ್ರೀಶೈಲ ಎಲ್ಲ ಹಾಗೆಯೇ ಆಗಿದ್ದವು. ಹೋದಲ್ಲೆಲ್ಲ ಅವಳು ಗುಡಿ ನೋಡಿದರೆ ಇವನು ಬಂಕು ನೋಡುತ್ತಿದ್ದ. ಪೆಟ್ರೋಲನ್ನು ಅಂಗೈಗೆ ಹಾಕಿಸಿಕೊಂಡು ಊದುತ್ತಿದ್ದ, ಮೂಸುತ್ತಿದ್ದ. ಬಂಕಿನ ಹುಡುಗರು ನಗುತ್ತಿದ್ದರು.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಬೈಕ್ ಸವಾರರದೊಂದು ವಾಟ್ಸಾಪ್ ಗುಂಪಿತ್ತು. ಅಲ್ಲಿ ಮಾತ್ರ ಅವನ ಮಾತಿಗೆ ಬಹಳ ಬೆಲೆ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಅದಕ್ಕೆ ನೀರು ತಗುಲಿದರೆ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ, ಹಳೆಯ ಗಾಡಿಗಳು ನಡುದಾರಿಯಲ್ಲಿ ನಿಲ್ಲುತ್ತವೆ ಎಂದು ಎಲ್ಲರಿಗಿಂತ ಮೊದಲು ಬರೆದವನು ಅವನೇ.

ಈ ಸಲ ಹಂಪಿಗೆ ಹೊರಟಿದ್ದರು. ಬೈಕಿನ ಪಕ್ಕಕ್ಕೆ ನೀಲಿ ಪ್ಲಾಸ್ಟಿಕ್ ಕ್ಯಾನೊಂದನ್ನು ಬಿಗಿದಿದ್ದ. ಅದರಲ್ಲಿ ಚನ್ನಗಿರಿಯ ತನ್ನ ನಂಬಿಕೆಯ ಬಂಕಿನ ಪೆಟ್ರೋಲು. ಮಳೆಗಾಲಕ್ಕೆ ಮುಂಚೆಯೇ ತುಂಬಿಸಿ ಗಿರಣಿಯ ಹಿಂದೆ ಇಟ್ಟಿದ್ದದ್ದು.

ಜಗಳೂರು ಮುಟ್ಟುವಷ್ಟರಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದಿತ್ತು. ಹಿಂದಿನ ದಿನ ಮಳೆಯಾಗಿತ್ತು. ಒಂದು ಬಂಕಿನ ಅಂಗಳದಲ್ಲಿ, ನೆಲದೊಳಗಿನ ಟ್ಯಾಂಕಿನ ಮುಚ್ಚಳದ ಸುತ್ತ ಕೆಂಪು ನೀರು ನಿಂತದ್ದು ಕಂಡದ್ದೇ ರುದ್ರಮುನಿ ಗಾಡಿ ತಿರುಗಿಸಿಬಿಟ್ಟ.

"ಒಳಗೂ ನೀರು ಇಳಿದಿರ್ತತೆ."

"ಉಳಿದೋರೆಲ್ಲ ಹಾಕಿಸ್ಕೊಂಡು ಹೋಗ್ತಿಲ್ವೇನ್ರಿ?" ಎಂದಳು ಕಸ್ತೂರಮ್ಮ.

"ಹೋಗ್ಲಿ. ಅವರ ಗಾಡಿ ಅವರದು."

ಉಜ್ಜಿನಿ ಕಡೆಯ ರಸ್ತೆಯಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ ಗಾಡಿ ರಿಸರ್ವ್‌ಗೆ ಬಂತು. ಮುಂದೊಂದು ಕ್ರಾಸಿನಲ್ಲಿ ಚಹಾದ ಗೂಡಂಗಡಿ. ಅಂಗಡಿಯ ಮುಂದಿನ ಹಲಗೆಯ ಮೇಲೆ ನೀರಿನ ಬಾಟಲಿಗಳಲ್ಲಿ ಹಳದಿ ಪೆಟ್ರೋಲು ಸಾಲಾಗಿ ನಿಂತಿತ್ತು. ಅಂಗಡಿಯವಳು ಬಂಗಾರಮ್ಮ, ಗಟ್ಟಿ ಕೈಕಾಲಿನ ನಡುವಯಸ್ಸಿನ ಹೆಂಗಸು. ರುದ್ರಮುನಿ ನಿಲ್ಲಿಸುತ್ತಿರಲಿಲ್ಲ. ಕ್ಯಾನಿನದೊಂದೇ ಹಂಪಿಗೆ ಸಾಲದೆಂದು ಕಸ್ತೂರಮ್ಮ ಬೆನ್ನಿಗೆ ಗುದ್ದಿ ನಿಲ್ಲಿಸಿದಳು.

ಅವನು ಬಾಟಲಿಯನ್ನು ಬಿಸಿಲಿಗೆ ಹಿಡಿದ, ಅಲುಗಾಡಿಸಿದ, ಮೂಸಿದ.

"ಏನ್ ಬೆರೆಸೀಯಮ್ಮ ಇದಕ್ಕೆ?"

"ಬೆರೆಸಾಕೆ ಏನೈತೆ ಅಣ್ಣಾರೆ? ಬೆಳಗ್ಗೆ ಕೊಟ್ಟೂರಿಂದ ತಂದದ್ದು. ಬೇಕಾದ್ರೆ ತಗೊಳ್ರಿ, ಬ್ಯಾಡಾದ್ರೆ ಇಡ್ರಿ."

ಅವಳು ಕೋಪಿಸಿಕೊಳ್ಳದೆ ಇದ್ದದ್ದೇ ಅವನಿಗೆ ಅನುಮಾನ ಹುಟ್ಟಿಸಿತು. ಒಂದೇ ಒಂದು ಬಾಟಲಿ ಸುರಿದ. ಅದರಲ್ಲಿ ಏನಾದರೂ ಕೆಟ್ಟದ್ದಿದ್ದರೆ ತಿಳಿಯಾಗಲಿ ಎಂದು ಮೇಲೆ ತನ್ನ ಕ್ಯಾನಿನಿಂದಲೂ ಒಂದಷ್ಟು ಸುರಿದುಕೊಂಡ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕು ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿದರೆ ಅಂಗೈಗೆ ಬಂದದ್ದು ಮುಕ್ಕಾಲು ನೀರು.

"ನೋಡಿದ್ಯಾ? ನೋಡಿದ್ಯಾ ಕಸ್ತೂರಿ?" ಅವನ ದನಿಯಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು.

ಬೈಕು ತಳ್ಳಿಕೊಂಡು ವಾಪಸು ಬಂದರು. ಬರುವಾಗಲೇ ಅವನು ಮೊಬೈಲು ತೆಗೆದಿದ್ದ. ಅಂಗಡಿ, ಬಾಟಲಿಗಳ ಸಾಲು, ಬಂಗಾರಮ್ಮನ ಮುಖ, ಎಲ್ಲ ವಿಡಿಯೋದಲ್ಲಿ ಹಿಡಿದ. "ಜಗಳೂರು ದಾಟಿದ ಮೇಲೆ ಈ ಕ್ರಾಸಲ್ಲಿ ಯಾರೂ ಮೋಸ ಹೋಗ್ಬ್ಯಾಡ್ರಿ. ನೀರು ಮಾರ್ತಾಳೆ ಈಕೆ, ನೀರು!" ಎಂದು ಅಲ್ಲಿಯೇ ನಿಂತು ಗುಂಪಿಗೆ ಕಳಿಸಿದ. ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಎದ್ದುಹೋದರು.

ಬಂಗಾರಮ್ಮ ಒಲೆ ಬಿಟ್ಟು ಹೊರಗೆ ಬಂದಳು. "ನನ್ನ ಬಾಟ್ಲಿ ಕಣ್ಣಿಗೆ ಕಾಣ್ತತೆ ಅಣ್ಣಾರೆ. ನಿಮ್ಮ ಡಬ್ಬದಾಗೆ ಏನೈತೆ ನೀವು ನೋಡೀರೇನು?"

"ಅದು ನನ್ನ ಕೈಯಾರೆ ತಂದಿದ್ದು."

"ಹಂಗಾದ್ರೆ ತೋರಿಸಾಕೆ ಏನು?"

ರುದ್ರಮುನಿ ಅಲುಗಾಡಲಿಲ್ಲ. ಕಸ್ತೂರಮ್ಮ ಹೋಗಿ ಹಗ್ಗ ಬಿಚ್ಚಿ ಕ್ಯಾನು ತಂದಳು. ಬಂಗಾರಮ್ಮ ಖಾಲಿ ಬಾಟಲಿ ಹಿಡಿದಳು, ಇವಳು ಸುರಿದಳು. ಬಾಟಲಿಯನ್ನು ಹಲಗೆಯ ಮೇಲಿಟ್ಟು ಮೂವರೂ ನೋಡುತ್ತ ನಿಂತರು. ಮೊದಲು ಎಲ್ಲ ಮಸುಕಾಗಿತ್ತು. ನಿಧಾನವಾಗಿ ಹಳದಿ ಮೇಲಕ್ಕೆ ಬಂತು. ಕೆಳಗೆ ಬಿಳಿಚಿಕೊಂಡ ನೀರು ನಿಂತಿತು. ನಡುವಿನ ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿತ್ತು.

ಕಸ್ತೂರಮ್ಮ ಮುಚ್ಚಳ ತಿರುಗಿಸಿ ನೋಡಿದಳು. ಒಳಗಿನ ರಬ್ಬರು ಸೀಳಿತ್ತು. "ಮಳೆಗಾಲ ಪೂರ್ತಿ ಗಿರಣಿ ಹಿಂದೆ ಸೂರಿನ ನೀರಿಗೆ ನಿಂತಿತ್ತಲ್ರಿ ಇದು."

ಅವನಿಗೆ ವಿವರಿಸುವ ಅಗತ್ಯವಿರಲಿಲ್ಲ. ಊರಿಗೆಲ್ಲ ತಾನೇ ಹೇಳಿಕೊಂಡು ಬಂದ ಮಾತು ಈಗ ಬಾಟಲಿಯೊಳಗೆ ಕಾಣುತ್ತಿತ್ತು. ಮೊಬೈಲು ತೆಗೆದು ವಿಡಿಯೋ ಅಳಿಸಲು ಹೋದರೆ, ನ್ಯಾಮತಿಯ ವಿನಯ್ ಕುಮಾರ್ ಎಂಬವನು ಆಗಲೇ ಅದನ್ನು ಬೇರೆ ಗುಂಪುಗಳಿಗೆ ಹಂಚಿ "ಸೂಪರ್ ಅಣ್ಣ" ಎಂದು ಬರೆದಿದ್ದ.

ರುದ್ರಮುನಿ ಇನ್ನೊಂದು ವಿಡಿಯೋ ಮಾಡಿದ. "ತಪ್ಪು ನಂದು. ಈ ತಾಯಿ ಪೆಟ್ರೋಲು ಚೆನ್ನಾಗೈತೆ. ನನ್ನ ಕ್ಯಾನಲ್ಲೇ ನೀರಿತ್ತು" ಎಂದ. ಉತ್ತರಗಳು ಬೇಗ ಬಂದವು. "ಹೆದರಿಸಿದ್ರಾ ಅಣ್ಣ?" "ಸುತ್ತ ಜನ ಸೇರವ್ರಾ?" "ಏನು ಕೊಟ್ಟು ಹೇಳಿಸಿದ್ರು?" ಅವನು ಎಷ್ಟು ಬರೆದರೂ ಯಾರೂ ನಂಬಲಿಲ್ಲ.

ಟ್ಯಾಂಕು ಬರಿದು ಮಾಡಿ, ಬಂಗಾರಮ್ಮನ ಬಾಟಲಿಗಳನ್ನೇ ತುಂಬಿಸಿಕೊಂಡು ಹೊರಟರು. ಬೈಕು ಹಂಪಿಯವರೆಗೆ ಒಮ್ಮೆಯೂ ತಡವರಿಸಲಿಲ್ಲ. ವಿರೂಪಾಕ್ಷನ ಮುಂದೆ ನಿಂತಾಗಲೂ ಅವನು ಮೊಬೈಲನ್ನೇ ನೋಡುತ್ತಿದ್ದ. ಕಸ್ತೂರಮ್ಮ ಬೈಯಲಿಲ್ಲ. ಬಂಗಾರಮ್ಮನಿಗೆಂದು ಕುಂಕುಮ, ಬಳೆ ಕೊಂಡಳು.

ವಾಪಸು ಬರುವಾಗ ಕ್ರಾಸಿನಲ್ಲಿ ನಿಲ್ಲಿಸಿದರು. ಹಲಗೆಯ ಮೇಲೆ ಬಾಟಲಿಗಳಿರಲಿಲ್ಲ. ಬಂಗಾರಮ್ಮ ಕುಂಕುಮ, ಬಳೆ ತೆಗೆದುಕೊಂಡಳು, ನಗಲಿಲ್ಲ.

"ಪೊಲೀಸ್ನೋರು ಬಂದಿದ್ರು. ಯಾರೋ ವಿಡಿಯೋ ಕಳಿಸಿದ್ರಂತೆ."

"ನಾನೇ ಸ್ಟೇಷನ್ನಿಗೆ ಹೋಗಿ ಹೇಳ್ತೀನಮ್ಮ, ನಿನ್ನ ಪೆಟ್ರೋಲು ಒಳ್ಳೇದು ಅಂತ."

"ಏನಂತ ಹೇಳಾಕೆ ಹೋಗ್ತೀರಿ? ಬಾಟ್ಲಿಯಾಗೆ ಮಾರೋದೇ ತಪ್ಪಂತೆ. ಒಳ್ಳೇದೋ ಕೆಟ್ಟದ್ದೋ ಅವರ‍್ಯಾರೂ ಕೇಳ್ಲಿಲ್ಲ. ಇಷ್ಟು ವರ್ಷ ಕಣ್ಣಿಗೆ ಬೀಳದಂಗೆ ಇದ್ದೆ, ಅಷ್ಟೇ."

ಅಷ್ಟರಲ್ಲಿ ರೈತನೊಬ್ಬ ಸ್ಕೂಟಿ ತಳ್ಳಿಕೊಂಡು ಬೆವರುತ್ತ ಬಂದ. "ಬಂಗಾರಮ್ಮಾ, ಒಂದು ಬಾಟ್ಲಿ ಕೊಡವ್ವ. ಹೊಲದಾಗೆ ಆಳು ಕಾಯ್ತಾವ್ರೆ."

ಅವಳ ಕಣ್ಣು ರುದ್ರಮುನಿಯ ಕೈಯಲ್ಲಿದ್ದ ಮೊಬೈಲಿನ ಮೇಲೆ ನಿಂತಿತು. "ಇಲ್ಲಪ್ಪ. ಮಾರಾದು ಬಿಟ್ಟೀನಿ."

ಗೂಡಂಗಡಿಯ ಒಳಗಿಂದ ಪೆಟ್ರೋಲಿನ ವಾಸನೆ ದಟ್ಟವಾಗಿ ಬರುತ್ತಿತ್ತು. ರುದ್ರಮುನಿಗೂ ಬಂತು, ಕಸ್ತೂರಮ್ಮನಿಗೂ ಬಂತು. ಅವನು ಮೊಬೈಲನ್ನು ಜೇಬಿಗೆ ತುರುಕಿ, ನಾನು ಯಾರಿಗೂ ಹೇಳುವುದಿಲ್ಲ ಎನ್ನಲು ಬಾಯಿ ತೆರೆದ. ಬಂಗಾರಮ್ಮನ ಮುಖ ನೋಡಿ, ಬೈಕಿನ ಕೀ ಹುಡುಕತೊಡಗಿದ.

"ನಡೀರಿ," ಎಂದಳು ಕಸ್ತೂರಮ್ಮ ಮೆಲ್ಲಗೆ. "ನಾವು ಇಲ್ಲಿರೋತನಕ ಆಕೆ ಕೊಡಲ್ಲ. ಪಾಪ, ಆತ ಕಾಯ್ತಾನೆ."

ಅವನು ಕಿಕ್ಕರ್ ಒದ್ದ. ತಿರುವಿನಲ್ಲಿ ಕನ್ನಡಿಯೊಳಗೆ ಕ್ರಾಸು ಕಂಡಿತು. ಬಂಗಾರಮ್ಮ ರಸ್ತೆಗೇ ಬಂದು ನಿಂತು, ಇವರು ನಿಜವಾಗಿ ಹೋಗುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದಳು.