ಎಮ್ಮೆಯ ಸರದಿ

ಚಮಚ ಬಿತ್ತು, ಬಾಗಿಲ ಪಕ್ಕದ ಮೇಜಿನಿಂದ, ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬಿತ್ತು, ಮೊದಲಿನ ಇವರಾಗಿದ್ದರೆ ಇಷ್ಟು ಹೊತ್ತಿಗೆ ನನ್ನತ್ತ ಕಣ್ಣು ಮಿಟುಕಿಸಿ, ನಿನ್ನ ತಮ್ಮನ ರೋಗ ಈ ಹೋಟ್ಲು ಚಮಚಕ್ಕೂ ಅಂಟ್ಕೊಂಡಿದೆ ಕಣೇ ಅನ್ನುತ್ತಿದ್ದರು, ಹಿಂದೆ ಡ್ರಮ್ಮುಗಳ ನಡುವೆ ಕೂತ ನನ್ನ ತಮ್ಮ, ಭಾವಾ, ನಾನೆಲ್ಲಿ ತಡ ಮಾಡ್ತೀನಿ, ನೀವೇ ಮುಂದೆ ಓಡ್ತೀರಿ ಎಂದು ಜಗಳಕ್ಕೆ ಬರುತ್ತಿದ್ದ, ಈಗ ಇವರು ನಗಲಿಲ್ಲ, ಚಮಚ ಬಿದ್ದದ್ದೇ ಇವರಿಗೆ ಗೊತ್ತಿಲ್ಲ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ, ನಾನೇ ಗುಂಡಿ ಹಾಕಿದ ಬಿಳಿ ಅಂಗಿ, ನಾನೇ ಬಾಚಿದ ತಲೆ, ಕೊರಳಿಗೆ ನಾನೇ ತೊಡಿಸಿದ ಪಟ್ಟಿ, ಆ ಪಟ್ಟಿಗೆ ತಗುಲಿಕೊಂಡು ತೊಡೆಯ ಪಕ್ಕ ಒರಗಿರುವ ಬ್ಯಾರಿಟೋನ್ ಸ್ಯಾಕ್ಸೊಫೋನು, ಗಾತ್ರದಲ್ಲೂ ದನಿಯಲ್ಲೂ ದಪ್ಪ, ನಮ್ಮ ಬ್ಯಾಂಡಿನಲ್ಲಿ ಅದಕ್ಕೆ ಎಮ್ಮೆ ಎಂದೇ ಹೆಸರು, ಆಳೆತ್ತರದ ನನ್ನ ಡಬಲ್ ಬೇಸಿಗೆ ಬೀರು ಎಂದು, ಎಮ್ಮೆಯವನಿಗೆ ಬೀರುವಿನವಳು, ಹೇಳಿ ಮಾಡಿಸಿದ ಜೋಡಿ, ಮನೇಲಿ ಮಂಚ ಎಲ್ಲಿ ಹಾಕ್ತಾರೋ ಎಂದು ಮದುವೆಯ ದಿನವೇ ಎಲ್ಲರೂ ಆಡಿಕೊಂಡರು — ಕೈ ತನ್ನ ಪಾಡಿಗೆ ತಂತಿಯ ಮೇಲೆ ನಡೆಯುತ್ತಿದೆ, ನಡೆಯಲಿ, ಬೇಸಿನ ಕೆಲಸವೇ ನಡೆಯುವುದು, ಹಾಡಿನ ಕೆಳಗೆ ಒಂದೇ ಸಮನೆ ನಡೆಯುತ್ತಿರುವುದು, ಮುಂದುಗಡೆ ಟ್ರಂಪೆಟ್ಟಿನವನು ಜನರಿಗೆ ಎದೆ ಸೆಟೆಸಿ ಊದುತ್ತಿದ್ದಾನೆ, ಬ್ಯಾಂಡು ಅವನದು, ಕ್ಯಾಪ್ಟನ್ ಎಂದೇ ಕರೆಯುತ್ತೇವೆ, ಅವನ ಸುತ್ತು ಮುಗಿದರೆ ಪಿಯಾನೋ, ಪಿಯಾನೋ ಮುಗಿದರೆ ಇವರು, ಜಾಜ್‌ನಲ್ಲಿ ಹಾಗೆಯೇ, ಒಂದೇ ಹಾಡನ್ನು ಸುತ್ತಿ ಸುತ್ತಿ ಒಬ್ಬೊಬ್ಬರು ಒಂದೊಂದು ಸುತ್ತಿನಲ್ಲಿ ತಮ್ಮ ಮನಸ್ಸಿಗೆ ಬಂದದ್ದನ್ನು ನುಡಿಸಬೇಕು, ಉಳಿದವರು ಕೆಳಗೆ ಹಿಡಿದುಕೊಂಡಿರಬೇಕು, ಇವರು ಊದದೆ ಎಷ್ಟೋ ಭಾನುವಾರಗಳಾದವು, ಇವರ ಸರದಿ ಬಂದಾಗ ನಾನೂ ತಮ್ಮನೂ ಖಾಲಿ ಸುತ್ತನ್ನು ಹೇಗೋ ನಡೆಸಿ ದಾಟಿಸಿಬಿಡುತ್ತೇವೆ, ಕೇಳುವವರಿಗೆ ಅದೂ ಒಂದು ಶೈಲಿ ಅನ್ನಿಸಿರಬೇಕು, ಕೆಲವರು ಚಪ್ಪಾಳೆ ಕೂಡ ತಟ್ಟುತ್ತಾರೆ, ಕ್ಯಾಪ್ಟನ್ ಕೆಟ್ಟವನಲ್ಲ, ಮಧ್ಯಾಹ್ನ ಹೋಟೆಲಿನ ಅಡುಗೆಮನೆಯ ಹಿಂದೆ ನನ್ನನ್ನು ನಿಲ್ಲಿಸಿ, ಅತ್ತಿಗೆ, ಎಷ್ಟು ದಿನ ಅಂತ, ಇವತ್ತೊಂದು ಸಲ ನೋಡೋಣ, ಅಣ್ಣ ಒಂದೇ ಒಂದು ಸ್ವರ ಊದ್ಲಿ ಸಾಕು, ಕುರ್ಚಿ ಅಣ್ಣಂದೇ, ಇಲ್ಲಾಂದ್ರೆ ಮುಂದಿನ ವಾರದಿಂದ ಅವರು ಕೂತ್ಕೊಳ್ತಾರೆ ಎಂದು ನೆಲ ನೋಡುತ್ತಾ ಹೇಳಿದ, ಅವರು ಅಂದರೆ ಆ ಕಂಬದ ಹತ್ತಿರ ಕಾಫಿ ಆರಲು ಬಿಟ್ಟು ಕೂತಿರುವ ಟೈ ಕಟ್ಟಿದ ಮನುಷ್ಯ, ಕಾಲ ಬುಡದಲ್ಲಿ ಸ್ಯಾಕ್ಸೊಫೋನಿನ ಕಪ್ಪು ಪೆಟ್ಟಿಗೆ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ಬೈದುಕೊಳ್ಳೋಣ ಎಂದರೆ ಅದಕ್ಕೂ ಅವಕಾಶ ಕೊಡುವುದಿಲ್ಲ.

ಪಿಯಾನೋ ಶುರುವಾಯಿತು, ಟೀಚರಮ್ಮ, ವಾರವೆಲ್ಲ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಭಾನುವಾರ ಮಾತ್ರ ಲೆಕ್ಕ ತಪ್ಪಲು ಬರುತ್ತೇನೆ ಅನ್ನುತ್ತಾಳೆ, ನಿಧಾನ ಟೀಚರಮ್ಮ, ಇನ್ನೂ ನಿಧಾನ, ನಿನ್ನ ಸುತ್ತು ಮುಗಿಯುವುದೇ ಬೇಡ, ಕುರ್ಚಿ ಹೋದರೆ ಏನು ಹೋಗುತ್ತದೆ ಎಂದು ಬ್ಯಾಂಡಿನವರಿಗೆಲ್ಲ ಹೇಗೆ ಹೇಳಲಿ, ಬೆಳಿಗ್ಗೆ ಹಲ್ಲುಜ್ಜಿಸಿ ಬಾಯಿ ಒರೆಸುವಾಗ ನನ್ನ ಕೈ ಹಿಡಿದು, ಅಮ್ಮಾ, ತಾವು ಯಾರ ಮನೆಯವರು ಎಂದರು, ನಿಮ್ಮನೆಯವಳೇ ರೀ ಎಂದೆ, ಹೌದಾ, ತುಂಬ ಸಂತೋಷ ಎಂದು ಕೈ ಮುಗಿದರು, ಎಂದೂ ಒಂದು ಲೋಟ ನೀರಿಗೂ ದಯವಿಟ್ಟು ಅನ್ನದವರು ಈಗ ಮಾತು ಮಾತಿಗೆ ತಾವು ಅನ್ನುತ್ತಾರೆ, ಆ ಮರ್ಯಾದೆ ತಡೆಯುವುದಕ್ಕೆ ಆಗುವುದಿಲ್ಲ ನನಗೆ, ಮನೆಯಲ್ಲಿ ಬೇಸ್ ನುಡಿಸಿ ನೋಡಿದೆ, ಇದನ್ನ ಯಾರು ಇಲ್ಲಿಟ್ಟರು, ಇದರ ಬಾಗಿಲು ಎಲ್ಲಿದೆ ಎಂದು ಹಿಂದೆ ಮುಂದೆ ಹುಡುಕಿದರು, ಬೀರು ಎಂಬ ತಮಾಷೆ ನಿಜವೇ ಆಗಿಹೋಯಿತು, ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ, ಆದರೆ ಇಲ್ಲಿ, ಈ ಕುರ್ಚಿಯಲ್ಲಿ, ಎಡಗಿವಿಯ ಪಕ್ಕದಲ್ಲಿ ನನ್ನ ಬೇಸ್ ಗುಂಯ್ ಅನ್ನುತ್ತಿದ್ದರೆ, ಒಮ್ಮೊಮ್ಮೆ, ಇವರ ಪಾದ ನೆಲ ತಟ್ಟುತ್ತದೆ, ಒಂದು ಸಲ ತಲೆ ತಿರುಗಿಸದೆಯೇ, ಲೇ, ಇವತ್ತು ನಿನ್ನ ಕೈ ಯಾಕೋ ಭಾರ ಎಂದರು, ಲೇ ಎಂದರು, ಆ ಲೇ ಇಟ್ಟುಕೊಂಡು ನಾನು ಇಷ್ಟು ದಿನ ಬದುಕಿದ್ದೇನೆ, ಕುರ್ಚಿ ಹೋದರೆ ನಾನು ಖಾಯಮ್ಮಾಗಿ ಅಮ್ಮಾವರೇ — ಆ ಮೂಲೆಯಲ್ಲಿ ಯಾರೋ ಜೋರಾಗಿ ನಗುತ್ತಿದ್ದಾರೆ, ನಗಲಿ, ಯಾರು ಕೇಳುತ್ತಾರೆ ಕೆಳಗಿನ ಸದ್ದನ್ನು, ಕೈ ಕೆಸರಾದರೆ ಬಾಯಿ ಮೊಸರಂತೆ, ಕೆಸರು ನಮ್ಮ ಕೈಗೆ, ಮೊಸರು ಟ್ರಂಪೆಟ್ಟಿನ ಬಾಯಿಗೆ, ಇವರಿಗೆ ಅದರ ಬಗ್ಗೆ ಎಂದೂ ಬೇಸರವಿರಲಿಲ್ಲ, ಬೇಸರವೆಲ್ಲ ನನ್ನದೇ, ಇವರಿಗೆ ಏನಂದರೂ ಎಮ್ಮೆ ಮೇಲೆ ಮಳೆ ಹೊಯ್ದ ಹಾಗೆ, ಮದುವೆಯಾದ ಹೊಸದರಲ್ಲಿ ಒಂದು ಹಳೆಯ ಜಾಜ್ ರೆಕಾರ್ಡು ಹಾಕಿ ನನ್ನನ್ನು ನೆಲದ ಮೇಲೆ ಕೂರಿಸಿದರು, ಮೊದಲು ಟ್ರಂಪೆಟ್ ಮರೆತುಬಿಡು, ಮರೆತೆಯಾ, ಈಗ ಹಾಡುವವಳನ್ನ ಮರಿ, ಈಗ ಕೇಳು, ತಳದಲ್ಲಿ, ಯಾರೋ ಗೊಣಗಿಕೊಂಡು ಮನೆ ಕೆಲಸ ಮಾಡ್ತಿರೋ ಹಾಗೆ, ಕೇಳಿಸ್ತಾ, ಅವನೇ, ಕೇಳಿಸಿತು, ಒಮ್ಮೆ ಕೇಳಿಸಿದ ಮೇಲೆ ಇನ್ನೇನೂ ಕೇಳಿಸಲಿಲ್ಲ, ಆ ಬ್ಯಾರಿಟೋನಿನವನ ಹೆಸರು ಕವರಿನ ಹಿಂದೆ ಎಲ್ಲರಿಗಿಂತ ಕೊನೆಗೆ, ಇರುವೆಯಷ್ಟು ಅಕ್ಷರದಲ್ಲಿ, ಅದೂ ಅರ್ಧ ಅಳಿಸಿಹೋಗಿತ್ತು, ಇವರು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಇಂಥವನು ಮನೆಗೆ ಬಂದರೆ ಕಾಲು ತೊಳೀಬೇಕು ಕಣೇ ಎಂದರು, ಇವರ ದೇವರುಗಳೆಲ್ಲ ಅಂಥವರೇ, ಹಾಡುವವಳು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಎರಡೇ ಮಾತು ಆಡಿ ಸುಮ್ಮನಾಗುವ ಕ್ಲಾರಿನೆಟ್ಟಿನವನು, ಕಡ್ಡಿ ಬಿಟ್ಟು ತಂತಿಯ ಬ್ರಷ್ಷಿನಲ್ಲಿ ಡ್ರಮ್ಮಿನ ಚರ್ಮವನ್ನು ಸವರುವವನು, ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ, ಅಂಥವರ ಒಂದೊಂದು ತುಣುಕು ಬಂದಾಗಲೂ ಗಾಡಿ ನಿಲ್ಲಿಸು ಅನ್ನುವವರಂತೆ ಕೈ ಎತ್ತುತ್ತಿದ್ದರು, ಊಟಕ್ಕೆ ಕೂತವರು ಪಲ್ಯ ಹೊಗಳ್ತಾರೆ, ಉಪ್ಪು ಹೊಗಳಿದವರನ್ನ ನೋಡಿದ್ದೀಯಾ, ಆದ್ರೆ ಉಪ್ಪು ಮರೆತು ನೋಡು ಎಂದು ನಗುತ್ತಿದ್ದರು, ಮರೆತಿರಲ್ಲ ರೀ, ನೀವೇ ಎಲ್ಲ ಮರೆತಿರಿ, ನನ್ನನ್ನು ಸೇರಿಸಿ, ಪಿಯಾನೋ ಇಳಿಯುತ್ತಿದೆ, ಟೀಚರಮ್ಮ ಕತ್ತು ತಿರುಗಿಸಿ ಇವರನ್ನೇ ನೋಡುತ್ತಿದ್ದಾಳೆ, ಮುಗಿಸುತ್ತಿದ್ದಾಳೆ.

ಖಾಲಿ, ಈಗ ನಾನೂ ತಮ್ಮನೂ ಮಾತ್ರ, ನನ್ನ ಬೇಸ್ ಮತ್ತು ಅವನ ಬ್ರಷ್ಷು, ಊದಿ ರೀ, ಇದು ನಿಮ್ಮ ಜಾಗ, ನೋಡಿ ನಿಮಗಾಗಿ ಎಷ್ಟು ಅಗಲವಾಗಿ ಹಾಸಿದ್ದೇನೆ, ಬನ್ನಿ, ಕ್ಯಾಪ್ಟನ್ ಗಡಿಯಾರ ನೋಡುವವನಂತೆ ತನ್ನ ಟ್ರಂಪೆಟ್ಟು ನೋಡಿಕೊಳ್ಳುತ್ತಿದ್ದಾನೆ, ಕಂಬದ ಹತ್ತಿರದವನು ತಲೆ ತಗ್ಗಿಸಿದ್ದಾನೆ, ಇವರು ಗೋಡೆ ನೋಡುತ್ತಿದ್ದಾರೆ, ಗೋಡೆಯಲ್ಲಿ ಏನಿದೆ ರೀ, ಇಲ್ಲಿ ನೋಡಿ, ಇಲ್ಲಿ, ಹಿಂದೆ ನೀವೇ ಹೇಳಿಕೊಟ್ಟ ಆ ತಿರುವು ಹಾಕುತ್ತೇನೆ, ಕೆಳಗಿನಿಂದ ಮೆಟ್ಟಿಲು ಹತ್ತಿ ಮೇಲೆ ಬಂದು ಬಾಗಿಲಲ್ಲಿ ನಿಲ್ಲುವುದು, ಹಾಕಿದೆ — ಪಾದ, ಪಾದ ಅಲ್ಲಾಡಿತು, ಹೌದು, ಹಿಮ್ಮಡಿ ಎದ್ದು ಬಿತ್ತು, ಕೈ ಎದ್ದಿತು, ಎರಡೂ ಕೈ, ಎಮ್ಮೆಯ ಬೆನ್ನು ಸವರಿ ತಮ್ಮ ತಮ್ಮ ಜಾಗಕ್ಕೆ ಹೋದವು, ಯಾರೂ ಹೇಳಿಕೊಡಲಿಲ್ಲ, ಭುಜ ಮುಂದೆ ಬಂತು, ಎದೆ ತುಂಬಿಕೊಂಡಿತು, ಅಯ್ಯೋ ಇವರು ಬಂದರು, ಬಂದೇಬಿಟ್ಟರು, ಕೆನ್ನೆ ಉಬ್ಬಿದೆ, ಬೆರಳು ಓಡುತ್ತಿದೆ, ಊದುತ್ತಿದ್ದಾರೆ, ಮತ್ತೆ ಸದ್ದು, ಸದ್ದೆಲ್ಲಿ, ಉಸ್ ಉಸ್ ಎಂದು ಗಾಳಿ ಮಾತ್ರ, ಯಾಕೆ — ಮುಚ್ಚಳ. ಊದುವ ತುದಿಯ ಮೇಲೆ ಮುಚ್ಚಳ ಇದೆ. ನಾನೇ ಹಾಕಿದ್ದು, ತುದಿಗೆ ಕಟ್ಟುವ ಆ ತೆಳ್ಳನೆ ಜೊಂಡಿನ ಪಟ್ಟಿ ಒದ್ದೆಯಿದ್ದರೇ ನಾದ, ಮೊದಲೆಲ್ಲ ಇವರೇ ಬಾಯಲ್ಲಿ ಇಟ್ಟುಕೊಂಡು ನೆನೆಸುತ್ತಿದ್ದರು, ಈಗ ನಾನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕಟ್ಟಿ, ಟ್ರಂಪೆಟ್ಟು ಪಿಯಾನೋ ಮುಗಿಯುವಷ್ಟರಲ್ಲಿ ಒಣಗದಿರಲಿ ಎಂದು ಲೋಹದ ಮುಚ್ಚಳ ಹಾಕಿದೆ, ಇವರ ಸರದಿ ಬಂದಾಗ ಪಕ್ಕದಲ್ಲೇ ಇರುತ್ತೇನಲ್ಲ, ಕೈ ಚಾಚಿ ತೆಗೆದರಾಯಿತು ಎಂದುಕೊಂಡೆ, ತಲೆ ಹಣ್ಣಾಗುವ ತನಕ ಬೇಸ್ ನುಡಿಸಿದವಳಿಗೆ ಇಷ್ಟು ಹೊಳೆಯಲಿಲ್ಲ, ಬೇಸ್ ನುಡಿಸುವವಳಿಗೆ ಬಿಡುವಿನ ಕೈ ಎಂಬುದೇ ಇಲ್ಲ, ಒಂದು ಕೈ ತಂತಿ ಒತ್ತಬೇಕು, ಒಂದು ಕೈ ಎಳೆಯಬೇಕು, ಬೇರೆಯವರ ಸರದಿಯಲ್ಲಂತೂ ಒಂದು ಹೆಜ್ಜೆಯೂ ನಿಲ್ಲುವ ಹಾಗಿಲ್ಲ, ತಮ್ಮಾ, ತಮ್ಮಾ ನೋಡೋ, ಅವನು ಬ್ರಷ್ ಹಿಡಿದರೆ ಕಣ್ಣು ಮುಚ್ಚುತ್ತಾನೆ, ಕ್ಯಾಪ್ಟನ್‌ನ ಬೆನ್ನು ನಮಗೆ, ನಿಲ್ಲಿಸಲೇ, ನಿಲ್ಲಿಸಿ ಕಿತ್ತು ಎಸೆಯಲೇ ಆ ಮುಚ್ಚಳವನ್ನು, ಎರಡೇ ಹೆಜ್ಜೆ, ಆದರೆ ಬೇಸ್ ನಿಂತರೆ ಇವರ ಕಾಲಡಿಯ ನೆಲ ಹೋಗುತ್ತದೆ, ಇವರು ಬಂದದ್ದೇ ಈ ಸದ್ದು ಹಿಡಿದುಕೊಂಡು, ಇದು ಕಡಿದರೆ ಮತ್ತೆ ಗೋಡೆ, ಮತ್ತೆ ತಾವು ಯಾರು, ಇಲ್ಲ, ನಡೆ, ನಡೆಯುತ್ತಿರು, ಇವರು ನುಡಿಸುತ್ತಿರುವಾಗ ನಾನು ನಿಲ್ಲಿಸುವವಳಲ್ಲ.

ಏನು ನುಡಿಸುತ್ತಿದ್ದಾರೆ, ಬೆರಳು ಹೇಳುತ್ತಿದೆ, ಟಪ್ ಟಪ್ ಎಂದು ಚರ್ಮದ ಮೆತ್ತೆಗಳು ತೂತು ಮುಚ್ಚುವ ಸದ್ದು, ನನಗೊಬ್ಬಳಿಗೇ ಕೇಳುವಷ್ಟು, ಅದರಲ್ಲೇ ಗೊತ್ತಾಗುತ್ತಿದೆ, ಇದು ಹಳೆಯದಲ್ಲ, ಇವರು ಹಿಂದೆಂದೂ ಹೀಗೆ ತಿರುಗಿಸಿಲ್ಲ, ಕಿರುಬೆರಳು ತೀರ ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ಕಾಯುತ್ತಿದೆ, ಎಷ್ಟು ಹೊತ್ತು ಕಾಯುತ್ತೀರಿ ರೀ, ಧೈರ್ಯ ನಿಮ್ಮದು, ಆಮೇಲೆ ಮೇಲಕ್ಕೆ, ಜಾರಿ, ಅರ್ಧದಲ್ಲಿ ತಮಾಷೆ ಮಾಡಿ, ಮತ್ತೆ ಕೆಳಕ್ಕೆ, ಮನೆಗೆ, ಕಣ್ಣು ತುಂಬಿ ಬರುತ್ತಿದೆ, ಒರೆಸಿಕೊಳ್ಳಲೂ ಕೈಯಿಲ್ಲ, ಇಷ್ಟು ಚೆನ್ನಾಗಿ ಇವರು ನುಡಿಸಿದ್ದು ನನಗೆ ನೆನಪಿಲ್ಲ, ಯಾರಿಗೂ ಕೇಳಿಸುತ್ತಿಲ್ಲ, ಮೂಲೆಯ ಮೇಜಿನವರು ಬಿಲ್ ಕೇಳುತ್ತಿದ್ದಾರೆ, ಯಾರೋ ಕುರ್ಚಿ ಎಳೆದರು, ಕ್ಯಾಪ್ಟನ್ ತಿರುಗಿದ, ಇವರನ್ನು ನೋಡಿದ, ಉಬ್ಬಿದ ಕೆನ್ನೆ ನೋಡಿದ, ನಾದವಿಲ್ಲದ್ದನ್ನು ಕೇಳಿದ, ಅವನ ಮುಖ ಸಣ್ಣದಾಯಿತು, ಪಾಪ ಅಣ್ಣನಿಗೆ ಉಸಿರೇ ಇಲ್ಲ ಎಂದುಕೊಂಡ, ಇಲ್ಲ ಕ್ಯಾಪ್ಟನ್, ಮುಚ್ಚಳ, ಮುಚ್ಚಳ ನೋಡು, ಕೂಗಿದರೆ ಇವರು ಬೆಚ್ಚಿ ನಿಲ್ಲಿಸಿಬಿಡುತ್ತಾರೆ, ಅವನು ಕಂಬದ ಕಡೆ ನೋಡಿ ಮೆಲ್ಲಗೆ ತಲೆ ಆಡಿಸಿದ, ಟೈ ಕಟ್ಟಿದವನು ಬಗ್ಗಿ ಪೆಟ್ಟಿಗೆಯ ಹಿಡಿ ಮುಟ್ಟಿದ, ಆಯಿತು, ಹೋಯಿತು, ಸುತ್ತಿನ ಕೊನೆ, ಇವರು ಕೊನೆಯ ಸ್ವರ ಹಿಡಿದಿದ್ದಾರೆ, ಸರಿಯಾಗಿ, ನನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಬಿಟ್ಟರು, ಬಾಯಿ ತೆಗೆದರು, ಹಣೆಯಲ್ಲಿ ಬೆವರು, ಮುಖ ತೊಳೆದಿಟ್ಟ ಹಾಗಿದೆ, ಗೋಡೆಯನ್ನಲ್ಲ, ನನ್ನನ್ನು ನೋಡುತ್ತಿದ್ದಾರೆ, ನನ್ನನ್ನೇ, ಹುಬ್ಬು ಎತ್ತಿ, ಹೇಗಿತ್ತು ಅನ್ನುವ ಹಾಗೆ, ತಗೊಳ್ಳೇ, ಈಗ ಸುತ್ತು ನಿಂದು, ಎಂದರು, ಬಾಯಿಬಿಟ್ಟು ಎಂದರು, ತಗೊಳ್ಳೇ ಎಂದರು — ಕೊಡಿ ರೀ, ನನ್ನದೇ, ತಗೊಂಡೆ, ಕೈ ಬರುತ್ತಿಲ್ಲ, ತಂತಿ ಎಲ್ಲಿದೆ, ಕಾಯುತ್ತಿದ್ದಾರೆ, ಇವರ ಮುಖ ನೋಡಬೇಕು, ನೋಡಲಾರೆ, ಮುಚ್ಚಳವೇ ಕಾಣುತ್ತಿದೆ, ಹೊಳೆಯುವ ಲೋಹ, ಅದರ ಮೇಲೆ ಬೆಳ್ಳಗೆ ಇವರ ಉಸಿರು ಮಂಜು ಕಟ್ಟಿದೆ, ಅಂಚಿನಿಂದ ಆರುತ್ತಾ ಬರುತ್ತಿದೆ, ತಗೊಳ್ಳೇ, ಕಿರಿದಾಗುತ್ತಿದೆ, ಮುಚ್ಚಳ, ಬೊಟ್ಟಿನಷ್ಟು ಉಳಿದಿದೆ, ಆರುತ್ತಿದೆ, ಮುಚ್ಚಳ —