ಗಡಿಕಂಬ ಮತ್ತು ಮಾವನ ಹೆಸರು

ಬೆಳಗಿನಿಂದ ಬುರುಲಜ್ಜಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅವಳ ಜರ್ದಾಳು ತೋಟದ ನಡುವೆ ಮೇಜು ಹಾಕಿಕೊಂಡು ಎರಡೂ ದೇಶದ ಅಧಿಕಾರಿಗಳು ನಕ್ಷೆ ಬಿಚ್ಚಿದ್ದರು. ಕಿರ್ಗಿಜರ ನಕ್ಷೆಯಲ್ಲಿ ಗಡಿ ತೋಟದ ಆಚೆ, ಕಾಲುವೆಯ ಗುಂಟ. ತಾಜಿಕರ ನಕ್ಷೆಯಲ್ಲಿ ತೋಟದಿಂದ ಈಚೆಗೆ. ಎಲ್ಲೋ ಮಾಸ್ಕೋದಲ್ಲಿ ಕೂತವರು ಎಳೆದ ಗೆರೆ ಒಬ್ಬೊಬ್ಬರ ಕಾಲಕ್ಕೆ ಒಂದೊಂದು ಕಡೆ ಹರಿದಾಡಿತ್ತು. ಮರಗಳು ಮಾತ್ರ, ಪಾಪ, ನೆಟ್ಟಲ್ಲೇ ನಿಂತಿದ್ದವು.

ಕೊನೆಗೊಂದು ಒಪ್ಪಂದವಾಯಿತು: ತೋಟ ನೆಟ್ಟವನು ಯಾವ ಕಡೆಯವನೋ ಆ ಕಡೆಗೆ ತೋಟ. ನೆಟ್ಟಿದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಇಬ್ಬರೇ. ಈ ಕಡೆ ಬುರುಲಜ್ಜಿ, ಆ ಕಡೆ ತಾಜಿಕ ಮುದುಕ ಸಫರ್. ಹಿಂದೆ ಒಂದೇ ಮನೆಯವರಂತಿದ್ದ ಅವರಿಬ್ಬರಿಗೂ ಗಡಿಯಲ್ಲಿ ಗುಂಡು ಹಾರಿದ ಮೇಲೆ ಮಾತು ಬಿಟ್ಟಿತ್ತು.

“ಯಾರು ನೆಟ್ಟಿದ್ದು, ಅಪಾ?” ಕಿರ್ಗಿಜ ಅಧಿಕಾರಿ ತಾಯಿಯನ್ನು ಕರೆದಂತೆ ಕರೆದು ಕೇಳಿದ.

“ನಮ್ಮ ಮಾವ ಕಣಪ್ಪಾ. ಊರಿಗೆಲ್ಲ ಗೊತ್ತು.”

“ಹೆಸರು?”

“ಅದೇ, ನಮ್ಮ ಹಿರಿಯರು.”

“ಹೆಸರು ಹೇಳದ ಸಾಕ್ಷಿ ನಮಗೆ ಬೇಡ,” ಎಂದ ತಾಜಿಕ ಅಧಿಕಾರಿ.

ಕಿರ್ಗಿಜ ಸೊಸೆ ಮಾವನ ಹೆಸರೆತ್ತುವುದುಂಟೆ? ಆ ಹೆಸರಿನಲ್ಲಿ ಕಬ್ಬಿಣ ಎಂಬ ಮಾತು ಸೇರಿದೆಯೆಂದು ಕಬ್ಬಿಣವನ್ನೂ ‘ಗಟ್ಟಿಯದು’ ಎಂದೇ ಕರೆದು ಮುದುಕಿಯಾದವಳು ಅವಳು. ಸಫರನತ್ತ ನೋಡಿದಳು. ಅವನು ಒಂದು ಮಾತಂದರೆ ಸಾಕಿತ್ತು. ತನ್ನ ಊರಿನವರ ಗುಂಪಿನ ನಡುವೆ ಅವನು ತಲೆ ತಗ್ಗಿಸಿ ಬೂಟು ನೋಡುತ್ತ ಕೂತ.

“ಬೇಗ, ಅಪಾ. ಇಲ್ಲಾಂದ್ರೆ ತೋಟ ಅವರದಾಗುತ್ತೆ.”

“ತೆಮಿರ್‌ಖಾನ್!” ಅಜ್ಜಿ ಕಿರುಚಿದಳು. “ಕೇಳಿಸ್ತಾ? ತೆಮಿರ್‌ಖಾನ್!” ಎಂದವಳೇ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಾಚಿಕೆಯಿಂದ ಅತ್ತಳು.

ಸಫರ್ ಎದ್ದ. “ಹೌದು, ಅವರೇ ನೆಟ್ಟಿದ್ದು. ಗುಂಡಿ ತೋಡಿದ್ದು ನಾನು.” ಅವನ ಊರಿನವನೊಬ್ಬ ಕ್ಯಾಕರಿಸಿ ಉಗಿದ.

“ಮೊದಲೇ ಬೊಗಳೋಕೆ ಏನಾಗಿತ್ತೋ ನಿಂಗೆ, ಮುದಿಯಾ?” ಅಜ್ಜಿ ಉರಿದುಬಿದ್ದಳು.

“ನಮ್ಮೋರ ಮುಂದೆ ಧೈರ್ಯ ಬರ್ಲಿಲ್ಲ, ಅತ್ತಿಗೆ. ನಿನ್ನ ಬಾಯಲ್ಲೇ ಆ ಹೆಸರು ಬಂದ್ಮೇಲೆ ಇನ್ನು ಹೇಗೆ ಸುಮ್ನಿರ್ಲಿ?”

ಕಾಲುವೆಯಂಚಿಗೆ ಗಡಿಕಂಬ ನೆಡುವುದು ಶುರುವಾಯಿತು. ಸಫರ್ ಆಚೆ ದಾಟಿ ನಡೆದ. ಅವನ ಊರಿನವರು ಒಬ್ಬರೂ ಜೊತೆಗೆ ಹೋಗಲಿಲ್ಲ. ತೋಟವೇನೋ ಉಳಿಯಿತು, ಅಜ್ಜಿ ಅದರತ್ತ ತಿರುಗಿಯೂ ನೋಡಲಿಲ್ಲ. ಎದ್ದುಬಿದ್ದು ಕಾಲುವೆಯತ್ತ ಓಡಿದಳು.

“ಸಫರ್! ನಿಲ್ಲೋ, ಬೈದಿದ್ದಕ್ಕೆ ಬೇಜಾರಾಯ್ತೇನೋ? ಚಹಾ ಕುಡ್ದು ಹೋಗೋ!”

ಕಂಬ ನೆಡುತ್ತಿದ್ದ ಸಿಪಾಯಿ ಅವಳ ತೋಳು ಹಿಡಿದು ನಿಲ್ಲಿಸಿದ. “ಇಲ್ಲಿಂದಾಚೆ ನಿಮ್ಮದಲ್ಲ, ಅಪಾ.”